ಎರಡು ಊರಿನ ಹುಲ್ಲು ತಿಂದ ಜೋಡಿ

ಮಾವನ ಎರಡು ಎತ್ತುಗಳೂ ಒಂದೇ ಹೋರಿಗೆ ಹುಟ್ಟಿದವು. ಕರುಗಳಾಗಿ ಬಂದಾಗ, ಬೆಳಗಿನ ಮಂಜಿನಲ್ಲಿ ಬೂದು ಮೈಯ ಅವೆರಡರಲ್ಲಿ ಯಾವುದು ಯಾವುದೆಂದು ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮಾವ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎರಡನ್ನೂ ನೋಡಿಕೊಳ್ಳಲಾಗದೆ ಒಂದನ್ನು ಅಮೃತಾಪುರದ ಮಗಳ ಮನೆಗೆ, ನೀರಾವರಿಯ ಹಸಿರಿಗೆ ಕಳಿಸಿದರು. ಇನ್ನೊಂದು ಅಜ್ಜಂಪುರದ ಹೊರಗೆ, ಮಾವನ ಒಣಹೊಲದಲ್ಲೇ ಬೆಳೆಯಿತು.

ನನ್ನ ಕೆಲಸವೂ ಇಂಥದ್ದೇ. ದನಗಳ ಬೆಳವಣಿಗೆಗೆ ಸಂಖ್ಯಾಶಾಸ್ತ್ರದ ಮಾದರಿ ಕಟ್ಟುತ್ತೇನೆ. ತಳಿಗೆ ಒಂದು ಪಾಲು, ನೆಲಕ್ಕೆ ಒಂದು ಪಾಲು; ಈ ತಳಿ ಈ ನೆಲದಲ್ಲಿ ಮಾತ್ರ ಹೀಗೆ ಬೆಳೆಯಿತು ಎನ್ನುವುದಕ್ಕೆ ಮತ್ತೊಂದು ಪಾಲು. ಆ ಕೊನೆಯದನ್ನು ಸೇರಿಸಿದಾಗ ಕಂಪ್ಯೂಟರ್ ಪರದೆಯ ಮೇಲೆ ತಳಿಗಳ ಗೆರೆಗಳು ಒಂದನ್ನೊಂದು ದಾಟುತ್ತವೆ. ಹಸಿರಿನಲ್ಲಿ ಮೇಲಿದ್ದದ್ದು ಒಣನೆಲದಲ್ಲಿ ಕೆಳಗಿಳಿಯುತ್ತದೆ.

ಮಾವ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಮುಂಗಾರಿಗೆ ಮುಂಚೆ ಅಮೃತಾಪುರದ ಎತ್ತು ಟೆಂಪೋದಲ್ಲಿ ಹಿಂದಿರುಗಿತು. ಎರಡಕ್ಕೂ ನೊಗ ಗೊತ್ತಿತ್ತು, ಆದರೆ ಜೊತೆಯಾಗಿ ಎಂದೂ ಹೂಡಿರಲಿಲ್ಲ. ಜೋಡಿ ಕೂಡದಿದ್ದರೆ ಒಂದನ್ನು ಮಾರಬೇಕಿತ್ತು. ದಲ್ಲಾಳಿ ಆಗಲೇ ಬಂದು ಜಗಲಿಯಲ್ಲಿ ಕುಳಿತಿದ್ದ.

ಎದೆಸುತ್ತು ಅಳೆಯಲು ನಾನು ಟೇಪು ಹಿಡಿದು ಬಗ್ಗಿದೆ. ಬಂದ ಎತ್ತು ತಲೆ ಹೊರಳಿಸಿತು. ಕೋಡಿನ ತುದಿ ನನ್ನ ಕಿವಿಯ ಪಕ್ಕದ ಕೂದಲನ್ನು ಸವರಿಕೊಂಡು ಹೋಯಿತು. ಸದ್ದಾಗಲಿಲ್ಲ. ಗಾಳಿ ತಣ್ಣಗಿತ್ತು ಎಂದಷ್ಟೇ ನೆನಪು. ಅದು ತಿರುಗಿದ್ದು ನನ್ನ ಮೇಲಲ್ಲ. ಗೋದಲಿಯಾಚೆ ನಿಂತಿದ್ದ ತನ್ನ ಜೊತೆಯದರ ಕಡೆಗೆ.

ಟೇಪನ್ನು ಮತ್ತೆ ಎತ್ತಲಿಲ್ಲ. ಕಣ್ಣಿಗೇ ಕಾಣುತ್ತಿತ್ತು. ಬಂದದ್ದು ಅಗಲ, ದಪ್ಪ. ಇಲ್ಲಿದ್ದದ್ದು ತೆಳು, ಕಾಲು ಮಾತ್ರ ಉದ್ದ.

"ಇದ್ಯಾವ ಜೋಡಿ ಯಜಮಾನ್ರೇ?" ಎಂದ ದಲ್ಲಾಳಿ. "ಒಂದ್ಕೆ ಮದ್ವೆ ಊಟ ಹಾಕ್ಸಿದ್ದೀರಿ, ಇನ್ನೊಂದ್ನ ಉಪ್ವಾಸ ಕೆಡವಿದ್ದೀರಿ."

"ಸುಮ್ನಿರಲೇ," ಎಂದು ಮಾವ ನನ್ನತ್ತ ತಿರುಗಿದರು. "ಏನವ್ವಾ, ಇನ್ಮೇಲೆ ಒಂದೇ ಮೇವು ಹಾಕಿದ್ರೆ ಸಮ ಆಯ್ತವಾ?"

"ಮೈ ತುಂಬ್ಕೋಬೌದು ಮಾವ. ಎತ್ತರದ್ ಮಾತು ನಂಗೊತ್ತಿಲ್ಲ."

ಮಾವ ಹೂಡಿಯೇ ಬಿಟ್ಟರು. ನೊಗ ವಾಲಿತು. ಎತ್ತುಗಳು ಒಂದರ ಕತ್ತನ್ನು ಇನ್ನೊಂದು ಮೂಸಿ, ನಿದ್ದೆಯಲ್ಲಿ ನಡೆಯುವವರಂತೆ ಮೆಲ್ಲಗೆ ಹೊರಟವು. ಸಾಲು ನೆಟ್ಟಗೆ ಬರಲಿಲ್ಲ. ತೆಳು ಎತ್ತಿನ ಕಡೆಗೆ ಬಾಗುತ್ತಾ ಹೋಯಿತು.

ದಲ್ಲಾಳಿ ನಕ್ಕ. "ಸಾಲು ಬೀರೂರಿಗೆ ಹೊಂಟೈತೆ!"

"ಹೋಗ್ಲಿ ಬಿಡು. ನೀನೂ ಅದೇ ದಾರೀಲಿ ಹೊರಡು," ಎಂದರು ಮಾವ, ನೇಗಿಲು ನಿಲ್ಲಿಸದೆ.

ಆ ವರ್ಷ ರಾಗಿಯ ಸಾಲು ಬಾಗಿಕೊಂಡೇ ಹುಟ್ಟಿತು. ಬಸ್ಸಿನ ಕಿಟಕಿಯಿಂದ ಮಾವನ ಹೊಲ ಯಾವುದೆಂದು ಹುಡುಕಬೇಕಾಗಿರಲಿಲ್ಲ.