ಶಾಲೆಯ ಗಂಟೆ ಹರಾಜಾದ ದಿನ

ನಮ್ಮ ಯಜಮಾನರು ಬಹಳ ವರ್ಷ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸವಾಲು ಕೂಗಿದವರು. ಗೂಡು ಕೊಂಡು ತಂದು ನೂಲು ತೆಗೆಸುವ ಸಣ್ಣದೊಂದು ಯೂನಿಟ್ಟು ನಮ್ಮದು. ಮಂಡಿನೋವು ಶುರುವಾದ ಮೇಲೆ ಅದನ್ನು ಮೈದುನನಿಗೆ ವಹಿಸಿ ಮನೆಯಲ್ಲಿ ಕೂತರು. ಕೂತರು ಅನ್ನುವುದು ಬಾಯಿಮಾತು. ಕೂಗುವ ಚಪಲ ಮಂಡಿಯ ಜೊತೆ ಸವೆಯುವುದಿಲ್ಲವಲ್ಲ. ಗೂಡು ಹೋಯಿತು, ಕಂಚು ಬಂತು.

ಮೊದಲು ಬಂದದ್ದು ಎತ್ತಿನ ಕೊರಳ ಗಂಟೆ. ಸೋಲೂರಿನ ಕಡೆ ಯಾರೋ ಹಳೆ ಮನೆ ಕೆಡವಿ ಸಾಮಾನು ಹರಾಜು ಹಾಕಿದಾಗ ತಂದರು. ಒಂದು ಗಂಟೆಯಲ್ಲವೇ, ಇರಲಿ ಬಿಡು ಅಂದುಕೊಂಡೆ. ಆಮೇಲೆ ಫೋನಿನಲ್ಲೇ ಹರಾಜು ನಡೆಯುತ್ತದೆ ಎಂದು ಅವರಿಗೆ ಗೊತ್ತಾಯಿತು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಕಂಚಿನ ದೀಪ, ಕಂಚಿನ ಪಾವು, ಹಿಡಿಕೆ ಮುರಿದ ಗಿಂಡಿ, ಯಾವುದೋ ಬಂಗಲೆಯ ಬಾಗಿಲಿಗಿದ್ದ ಸಿಂಹದ ಮುಖ. ಅದರ ಹಿಂದೆ ಪದಕಗಳು. ಯಾವ ಕಾಲದ್ದೋ ವಸ್ತುಪ್ರದರ್ಶನದಲ್ಲಿ ಯಾರೋ ತೆಂಗಿನಕಾಯಿಗೆ ಗೆದ್ದ ಪದಕ, ಯಾವನೋ ಸೈನಿಕನ ಎದೆಯ ಮೇಲಿದ್ದ, ರಿಬ್ಬನ್ನಿನ ಬಣ್ಣ ಹೋದ ಪದಕ. ನಮ್ಮ ಕುಲದಲ್ಲಿ ಯಾರೂ ಯುದ್ಧಕ್ಕೆ ಹೋದವರಲ್ಲ. ಆದರೂ ನಮ್ಮ ನಡುಮನೆಯ ಶೋಕೇಸಿನಲ್ಲಿ ಈಗ ಒಂದು ಸಣ್ಣ ಪಡೆಯೇ ಸಾಲಾಗಿ ಮಲಗಿದೆ. ನನ್ನ ಗಾಜಿನ ಲೋಟಗಳು ಅಟ್ಟ ಹತ್ತಿವೆ.

ಊಟಕ್ಕೆ ಕೂತರೆ ಎಡಗೈಯಲ್ಲಿ ಫೋನು. "ಸಾರು ಆರ್ತಾ ಇದೆ ರೀ" ಅಂದರೆ "ತಡಿಯೇ, ಯಾವನೋ ನನ್ಮೇಲೆ ಏರಿಸ್ತಾವ್ನೆ" ಅನ್ನುತ್ತಾರೆ. ಯಾರು ಆ ಯಾವನೋ? ಕಲ್ಕತ್ತೆಯಲ್ಲಿದ್ದಾನೋ ಕಾಸರಗೋಡಿನಲ್ಲಿದ್ದಾನೋ, ಅವನ ಹೆಂಡತಿಯೂ ಹೀಗೇ ಸೌಟು ಹಿಡಿದು ನಿಂತಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮುದ್ದೆ ಮೇಲೆ ಪೊರೆ ಕಟ್ಟಿರುತ್ತದೆ. ಗೆದ್ದರೆ ಬಿಸಿ ಮಾಡಿಕೊಡು ಅನ್ನುತ್ತಾರೆ. ಸೋತರೆ ಊಟವೇ ಬೇಡ.

ಇನ್ನು ಅತ್ತೆಯವರ ಸಂಕಟವೇ ಬೇರೆ. ಹಳೆ ಕಂಚನ್ನು ಉಜ್ಜಬಾರದಂತೆ, ಮೇಲಿನ ಆ ಕಪ್ಪು ಹಸಿರು ಕಿಲುಬಿಗೇ ಬೆಲೆಯಂತೆ. ಅತ್ತೆಯವರಿಗೆ ಅದನ್ನು ಯಾರು ಹೇಳುವುದು? ದಿನಾ ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದು ಶೋಕೇಸಿನ ಮುಂದೆ ನಿಂತು, "ಬಂದೋರು ಏನಂತಾರವ್ವ? ಈ ಮನೇಲಿ ಪಾತ್ರೆ ಬೆಳಗೋ ಹೆಂಗಸರೇ ಇಲ್ವಾ ಅಂತಾರೆ. ಒಸಿ ಹುಣಸೇಹಣ್ಣು ತಕ್ಕಂಬಾ" ಅನ್ನುತ್ತಾರೆ. ಶೋಕೇಸಿನ ಬೀಗದ ಕೈ ನಮ್ಮ ಯಜಮಾನರ ಜನಿವಾರದ ಹಾಗೆ ಯಾವಾಗಲೂ ಮೈಮೇಲೆ ಎಂದು ಹೇಳಬಹುದಿತ್ತು, ನಮ್ಮಲ್ಲಿ ಜನಿವಾರವಿಲ್ಲ. ಶಿವದಾರದ ಜೊತೆಗೇ ಕಟ್ಟಿಕೊಂಡಿದ್ದಾರೆ.

ಹೀಗಿರುವಾಗ ನಾನು ಓದಿದ ಕಾನ್ವೆಂಟಿನ ಹಳೆ ಕಟ್ಟಡ ಕೆಡವುತ್ತಾರೆ ಎಂಬ ಸುದ್ದಿ ಬಂತು. ಜೊತೆಯಲ್ಲಿ ಓದಿದವಳೊಬ್ಬಳು ಫೋಟೋ ಕಳಿಸಿದ್ದಳು. ಹಳೆ ಬೆಂಚು, ಕಪಾಟು, ನಲ್ಲಿ, ಪಾತ್ರೆ, ಎಲ್ಲ ಅಂಗಳದಲ್ಲೇ ಹರಾಜಂತೆ. ಫೋಟೋದ ಮೂಲೆಯಲ್ಲಿ, ತುಕ್ಕು ಹಿಡಿದ ಕಿಟಕಿ ಸರಳುಗಳ ಪಕ್ಕ, ಗಂಟೆ ಇತ್ತು.

ಅದು ಸಣ್ಣ ಬಿಂದಿಗೆಯಷ್ಟು ದೊಡ್ಡದು, ಕಂಚಿನದು, ಅಂಚಿನಲ್ಲಿ ಒಂದು ಕಡೆ ಉಗುರಗಲ ಎದ್ದುಹೋಗಿದೆ. ಮೇಲಿನ ತರಗತಿಯ ಹುಡುಗಿಯರಿಗೆ ಸರದಿಯ ಮೇಲೆ ಅದನ್ನು ಬಾರಿಸುವ ಕೆಲಸ ಸಿಗುತ್ತಿತ್ತು. ನಾನು ಬಹಳ ಮೆತ್ತಗಿನ ಹುಡುಗಿ. ಪದ್ಯ ಹೇಳು ಅಂದರೆ ಮುಂದಿನ ಸಾಲಿನವರಿಗೂ ಕೇಳುತ್ತಿರಲಿಲ್ಲ. ಆದರೆ ನಾನು ಹಗ್ಗ ಎಳೆದರೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು. ಗದರುತ್ತಿದ್ದ ಟೀಚರೂ ಅರ್ಧ ವಾಕ್ಯಕ್ಕೇ ಬಾಯಿ ಮುಚ್ಚುತ್ತಿದ್ದರು. ಆಮೇಲೆ ಮದುವೆಯಾಯಿತು, ಮಕ್ಕಳಾದರು, ಅಂಥ ಅಧಿಕಾರ ನನ್ನ ಕೈಗೆ ಮತ್ತೆ ಬರಲಿಲ್ಲ. ಆ ಗಂಟೆ ನನಗೆ ಬೇಕು ಅನ್ನಿಸಿತು. ನನಗಾಗಿ ಏನಾದರೂ ಬೇಕು ಎಂದು ಬಾಯಿಬಿಟ್ಟು ಕೇಳುವ ಅಭ್ಯಾಸವೇ ಇಲ್ಲದವಳು, ಕೇಳಿಬಿಟ್ಟೆ.

ಯಜಮಾನರ ಮುಖ ಅರಳಿತು. "ಹಂಗ್ ಬಾ ದಾರೀಗೆ!" ಅಂದರು. ಹರಾಜಿನ ದಿನ ಇಡ್ಲಿ ತಿನ್ನುತ್ತಾ ನನಗೆ ಪಾಠವನ್ನೂ ಮಾಡಿದರು. "ಅಲ್ಲಿ ಹೋಗಿ ಗಂಟೆ ಮುಟ್ಬ್ಯಾಡ, ಅದ್ರ ಕಡೆ ನೋಡ್ಲೂಬ್ಯಾಡ. ಬೇಕು ಅಂತ ಗೊತ್ತಾದ್ರೆ ಕತ್ತು ಕೊಯ್ತಾರೆ. ನೀನು ಸುಮ್ಕಿರು, ನಾನು ನೋಡ್ಕತೀನಿ."

ಇಷ್ಟು ವರ್ಷದಲ್ಲಿ "ನಾನು ನೋಡ್ಕತೀನಿ" ಎಂದು ಅವರು ಅಂದದ್ದೆಲ್ಲ ಏನಾಗಿದೆ ಎಂದು ಆಗಲೇ ನೆನೆಯಬೇಕಿತ್ತು.

ಅಂಗಳದಲ್ಲಿ ಜನ ಕಮ್ಮಿ. ಬೆಂಚಿಗಾಗಿ ಬಂದ ಟ್ಯೂಷನ್ ನಡೆಸುವವರು, ಮರದ ವ್ಯಾಪಾರಿಗಳು, ಹಾರೋಹಳ್ಳಿಯಿಂದ ಬಂದಿದ್ದ ಒಬ್ಬ ಗುಜರಿಯವನು. ಶಾಲೆಯಿಂದ ಎಂದೋ ನಿವೃತ್ತರಾದ ಡ್ರಿಲ್ ಮೇಷ್ಟ್ರು ಹರಾಜು ನಡೆಸುತ್ತಿದ್ದರು. ಡ್ರಿಲ್ಲಿನ ಹಾಗೇ, ಎದೆ ಮುಂದೆ, ಗಂಟಲು ಮೇಲೆ. ಪಕ್ಕದಲ್ಲಿ ಹೆಡ್ ಸಿಸ್ಟರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೆಂಚುಗಳೆಲ್ಲ ಮುಗಿದು ಲೋಹದ ಸಾಮಾನಿನ ಸರದಿ ಬಂತು. ನಲ್ಲಿ, ಕೊಳಾಯಿ, ಮುರಿದ ಫಿಲ್ಟರು, ಗಂಟೆ, ಎಲ್ಲ ಸೇರಿ ಒಂದೇ ಲಾಟು. ಗುಜರಿಯವನು ಒಂದು ಬೆಲೆ ಕೂಗಿದ. ನಾನೇ ನಾಚಿಕೊಳ್ಳುವಷ್ಟು ಕಡಿಮೆ ಬೆಲೆ.

"ಒಂದು ಸಾರಿ!" ಅಂದರು ಮೇಷ್ಟ್ರು.

ನಮ್ಮವರ ಕಡೆ ನೋಡಿದೆ. ಕೈಕಟ್ಟಿಕೊಂಡು ಬೇಲಿಯ ಹತ್ತಿರದ ಬೇವಿನ ಮರ ನೋಡುತ್ತಿದ್ದರು. ಮೊಣಕೈಯಿಂದ ತಿವಿದೆ.

"ರೀ, ಕೂಗಿ."

"ಸುಮ್ನಿರೇ. ಇದು ಮೊದಲ್ನೇ ಸುತ್ತು."

"ಯಾವ ಸುತ್ತು ರೀ?"

"ಇಷ್ಟ್ ಕಮ್ಮಿ ಬೆಲೆಗೆ ಆ ಸಿಸ್ಟರ್ ಒಪ್ತಾರೇನೇ? ಒಪ್ಪಕಿಲ್ಲ. ಆಮೇಲೆ ಎರಡನೇ ಸುತ್ತಲ್ಲಿ ನಾನು ಕೂಗಿದ್ರೆ ಮುಗೀತು."

"ಎರಡು ಸಾರಿ!"

ನಾನು ಕೈ ಎತ್ತಿದೆ. ಆ ಅಂಗಳದಲ್ಲಿ ಕೈ ಎತ್ತದೆ ಮಾತಾಡಬಾರದು ಎಂದು ಕಲಿತವಳು, ಅದಕ್ಕೇ ಮೊದಲು ಕೈ ಎತ್ತಿದೆ. ನನ್ನ ಯಜಮಾನರು ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಮೂರು ಸಾರಿ!" ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು.

ನಮ್ಮವರು ಏನೆಂದುಕೊಂಡಿದ್ದರು ಎನ್ನುವುದನ್ನು ಇಲ್ಲಿ ಹೇಳಬೇಕು. ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಎಷ್ಟೇ ಕೂಗಲಿ, ಕೊನೆಯ ಮಾತು ಗೂಡು ತಂದ ರೈತನದು. ಬೆಲೆ ಹಿಡಿಸದಿದ್ದರೆ ಆತ ಒಲ್ಲೆ ಅನ್ನುತ್ತಾನೆ, ಅದೇ ಗೂಡು ಮುಂದಿನ ಸುತ್ತಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಗುಟ್ಟು ಬಿಟ್ಟುಕೊಡದೆ ನಿಂತು, ಹೊತ್ತೇರಿ ರೈತನಿಗೆ ಊರಿನ ಬಸ್ಸಿನ ಯೋಚನೆ ಹತ್ತಿದ ಮೇಲೆ ಕೂಗುವುದರಲ್ಲಿ ನಮ್ಮವರು ಎತ್ತಿದ ಕೈ. ಅದೇ ಧೈರ್ಯದಲ್ಲಿ ಅವರು ನೇರವಾಗಿ ಸಿಸ್ಟರ್ ಮುಂದೆ ಹೋಗಿ ನಿಂತರು.

"ಅಮ್ಮಾ, ಈ ಬೆಲೆ ನಿಮಗೆ ಒಪ್ಗೇನಾ?"

ಸಿಸ್ಟರ್ ನಕ್ಕರು. "ಒಪ್ಪಿಗೆ ಅಪ್ಪಾ. ಯಾರೂ ಕೇಳೋದಿಲ್ಲ ಅಂತಿದ್ವಿ. ದೇವರು ಒಳ್ಳೇದು ಮಾಡಲಿ."

"ಹಂಗಲ್ಲ ಅಮ್ಮಾ, ಬ್ಯಾಡ ಅನ್ಬೋದು ನೀವು. ಇನ್ನೊಂದು ಸುತ್ತು..."

"ಇದೇನು ಗೂಡೇನ್ರೀ, ಸುತ್ತುಗಿತ್ತು ಅನ್ನೋಕೆ?" ಎಂದರು ಡ್ರಿಲ್ ಮೇಷ್ಟ್ರು. "ಮುಂದಿನ ಲಾಟು! ಕಪಾಟು!"

ಗುಜರಿಯವನು ಆಗಲೇ ಲಗೇಜ್ ಆಟೋಗೆ ಸಾಮಾನು ತುಂಬಿಸುತ್ತಿದ್ದ. ಈಗಲಾದರೂ ಅವನನ್ನು ಕೇಳಿ ಎಂದೆ. "ಈಗ ಕೇಳಿದ್ರೆ ಆಕಾಶಕ್ಕೆ ಏರಿಸ್ತಾನೆ. ನಾಕು ದಿನ ಬಿಡು, ತಾನೇ ಇಳೀತಾನೆ" ಎಂದರು. ಗಂಟೆ ನಲ್ಲಿಗಳ ಮಧ್ಯೆ ಮಗುಚಿಕೊಂಡು ಹೊರಟುಹೋಯಿತು.

ನಾಲ್ಕು ದಿನ ಅಲ್ಲ, ನಾಲ್ಕು ಗಂಟೆಯೂ ಇಲ್ಲ ಎಂದು ತಿಳಿದದ್ದು ಮೇಷ್ಟ್ರಿಂದ. ಕಂಚು ಹಿತ್ತಾಳೆಯನ್ನೆಲ್ಲ ಆತ ಅವತ್ತಿಗವತ್ತೇ ಒಡೆದು ಮೂಟೆ ಕಟ್ಟಿ, ಕರಗಿಸುವವರಿಗೆ ಸಂಜೆಯೊಳಗೆ ಕಳಿಸಿಬಿಡುತ್ತಾನಂತೆ. ನಾನು ಹೋಗಿ ಕಾರಿನಲ್ಲಿ ಕೂತೆ.

"ಎಲ್ಲಿಗೆ?"

"ಹಾರೋಹಳ್ಳಿಗೆ."

ಕಾರು ಹೊರಡಿಸಿದರು, ನನ್ನ ಮುಖ ಹಾಗಿತ್ತೇನೋ. ಆದರೆ ಅರ್ಧ ದಾರಿಯಲ್ಲಿ ಟೀ ಅಂಗಡಿಯ ಮುಂದೆ ಕಾರು ನಿಂತಿತು. ಅವನ ಹಿಂದೆಯೇ ಓಡಿಹೋದರೆ ಆತುರ ಕಾಣುತ್ತದಂತೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡುತ್ತಾ ಕೂತಿದ್ದೆ. ಟೀಯ ಕೆನೆಯನ್ನು ಬೆರಳಿಂದ ತೆಗೆದು ಲೋಟದ ಅಂಚಿಗೆ ಸವರಿದರು. ಅಷ್ಟು ಕೋಪ ನನಗೆ ಹೆರಿಗೆ ನೋವಿನಲ್ಲೂ ಬಂದಿರಲಿಲ್ಲ. ನಾನು ಪಡೆದ ಶಿಕ್ಷಣ ಎಂಥದ್ದೆಂದರೆ, ಆಗಲೂ ನಾನು ಅಂದದ್ದು ಇಷ್ಟೇ: "ದಯವಿಟ್ಟು ಬೇಗ ಕುಡೀರಿ."

ಗುಜರಿ ಅಂಗಡಿಯ ಶೀಟಿನ ಮಾಡಿನ ಕೆಳಗೆ ರಟ್ಟು ಒಂದು ಗುಡ್ಡೆ, ಕಬ್ಬಿಣ ಒಂದು ಗುಡ್ಡೆ. ಗಂಟೆಯ ತೂಗುಕೊಂಡಿಯನ್ನು ಆಗಲೇ ಬಿಚ್ಚಿ ಕಬ್ಬಿಣದ ಗುಡ್ಡೆಗೆ ಎಸೆದಿದ್ದರು. ಗಂಟೆ ತಕ್ಕಡಿಯ ಮೇಲಿತ್ತು. ಗುಜರಿಯವನು ನಮ್ಮನ್ನು ನೋಡಿ ಎದ್ದು ಬಂದ.

"ಏನ್ ಯಜಮಾನ್ರೇ? ಅಲ್ಲಿ ಮರ ನೋಡ್ಕಂಡ್ ನಿಂತಿದ್ರಿ, ಇಲ್ಲೀಗಂಟ ಬಂದ್ಬುಟ್ರಲ್ಲ?"

"ಸುಮ್ನೆ ಈ ಕಡೆ ಬಂದಿದ್ದೊ" ಎಂದರು ನಮ್ಮವರು.

"ಗುಜರಿ ಅಂಗಡಿಗೆ ಸುಮ್ನೆ ಯಾರು ಬತ್ತಾರೆ ಯಜಮಾನ್ರೇ, ಅದೂ ಮನೆಯೋರ್ನ ಕರ್ಕಂಡು?"

ನಮ್ಮವರು ಗಂಟೆಯ ಕಡೆ ತಿರುಗಿಯೂ ನೋಡದೆ, ಮೂಲೆಯಲ್ಲಿದ್ದ ರೆಕ್ಕೆ ಸೊಟ್ಟಗಾದ ಫ್ಯಾನಿನ ಬೆಲೆ ಕೇಳಿದರು. ಅದು ಓಡುತ್ತದೆಯೇ ಎಂದು ಕೇಳಿದರು. ಆತನೂ ಅಷ್ಟೇ ಗಂಭೀರವಾಗಿ ಫ್ಯಾನಿನ ಗುಣಗಾನ ಮಾಡಿದ. ಇಬ್ಬರಿಗೂ ಗೊತ್ತು, ಫ್ಯಾನು ಯಾರಿಗೂ ಬೇಡ. ಕೊನೆಗೆ ದಾರಿಯಲ್ಲಿ ಸಿಕ್ಕ ಮಾತಿನ ಹಾಗೆ, "ಆ ಗಂಟೆ ಏನಕ್ಕಾರಾ ಬತ್ತದಾ?" ಅಂದರು.

"ನೀವೇ ಒಂದ್ ಮಾತೇಳಿ."

ಇವರು ಹೇಳಿದರು. ಆತ ತಲೆ ಅಲ್ಲಾಡಿಸಿದ. "ಹಂಗಾರೆ ಬ್ಯಾಡ ಬುಡು. ಬಾರೇ, ಹೋಗನ" ಎಂದು ಇವರು ಕಾರಿನ ಕಡೆ ನಡೆದರು. ಬೆನ್ನು ತಿರುಗಿಸಿದರೆ ಕೂಗಿ ಕರೆಯುತ್ತಾನೆ ಎಂಬ ಲೆಕ್ಕ. ಆತ ಕರೆಯಲಿಲ್ಲ. ಒಳಗಿನಿಂದ ಕೆಲಸದಾಳು ಸುತ್ತಿಗೆ ಹೊತ್ತು ಬಂದ, ಬಂಡೆ ಒಡೆಯುವಂಥ ಸುತ್ತಿಗೆ.

"ಒಡೆದ್ಬುಡ್ಲಾ ಅಣ್ಣ? ಚೀಲಕ್ಕೆ ಹಿಡೀತಿಲ್ಲ ಇದು."

"ಹೂಂ, ಹಾಕ್ಲಾ."

ಆಳು ಗಂಟೆಯನ್ನು ತಕ್ಕಡಿಯಿಂದ ಇಳಿಸಿ, ಅಂಚು ಮೇಲಾಗುವಂತೆ ನೆಲಕ್ಕಿಟ್ಟು, ಕಾಲಿನಿಂದ ಅದುಮಿ ಹಿಡಿದ. ಉಗುರಗಲ ಎದ್ದುಹೋದ ಜಾಗ ನನ್ನ ಕಡೆಗಿತ್ತು. ಯಜಮಾನರು ಕಾರಿನ ಬಾಗಿಲು ತೆಗೆದು, ಬಾ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಕಣ್ಣಿನಲ್ಲಿ ಇನ್ನೂ ಎರಡನೇ ಸುತ್ತಿನ ನಂಬಿಕೆ.

"ಕಾಲು ತೆಗೀರಿ" ಎಂದೆ.

ಎಷ್ಟು ಜೋರಾಗಿ ಅಂದೆನೋ, ರಟ್ಟು ಕಟ್ಟುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಆಳು ಕಾಲು ತೆಗೆದ.

"ಒಡೀಬೇಡಿ. ನೀವು ಹೇಳಿದ ಬೆಲೆಗೇ ನಾನು ತಗೋತೀನಿ."

ಗುಜರಿಯವನು ಕಣ್ಣು ಪಿಳಿಪಿಳಿ ಬಿಟ್ಟ. "ಅಕ್ಕಾ, ನಾನಿನ್ನೂ ಬೆಲೆನೇ ಹೇಳಿಲ್ವಲ್ಲ."

"ಹಾಗಾದ್ರೆ ಹೇಳಿ."

ಆತ ಒಮ್ಮೆ ನನ್ನನ್ನು, ಒಮ್ಮೆ ಕಾರಿನ ಬಳಿ ತಲೆ ಮೇಲೆ ಕೈ ಹೊತ್ತು ನಿಂತಿದ್ದವರನ್ನು ನೋಡಿ, ಕಿವಿ ಕೆರೆದುಕೊಂಡು ಹೇಳಿದ. ದುಬಾರಿಯೇ. ಹೊಸ ಗ್ರೈಂಡರಿಗೆಂದು ಉಳಿಸಿದ್ದ ದುಡ್ಡು ನನ್ನ ಫೋನಿನಲ್ಲೇ ಇತ್ತು, ಅಲ್ಲೇ ಸ್ಕ್ಯಾನ್ ಮಾಡಿ ಕೊಟ್ಟೆ. ಕಬ್ಬಿಣದ ಗುಡ್ಡೆಯಿಂದ ತೂಗುಕೊಂಡಿಯನ್ನೂ ಆರಿಸಿ ಕೊಡಿ ಎಂದೆ. "ಅದಕ್ಕೆ ಕಾಸು ಬ್ಯಾಡ ಬುಡಿ ಅಕ್ಕಾ" ಎಂದು ಆತನೇ ಹುಡುಕಿ ತಂದು ಕೊಟ್ಟ.

ಕಾರು ಬಿಡದಿಯ ರಸ್ತೆಗೆ ಬಂತು. ನಮ್ಮವರ ಗೊಣಗಾಟ ಶುರುವಾಯಿತು.

"ಇನ್ನು ನಾಕು ಹೆಜ್ಜೆ ಇಟ್ಟಿದ್ರೆ ಕರೀತಿದ್ದ ಕಣೇ."

"ಇನ್ನು ನಾಕು ಹೆಜ್ಜೆ ಇಟ್ಟಿದ್ರೆ ಒಡೀತಿದ್ರು."

"ಅದು ನಮ್ಮನ್ನ ಹೆದರ್ಸಕ್ಕೆ ಆಡಿದ್ದು. ಬೆಲೆ ಹೇಳೋಕೆ ಮುಂಚೇನೇ ಒಪ್ಕೊಂಡೋರ್ನ ನನ್ನ ಜನ್ಮದಲ್ಲೇ ಕಂಡಿಲ್ಲ! ಇನ್ಮೇಲೆ ಆ ಅಂಗಡೀಲಿ ನನಗೆ ಮರ್ಯಾದೆ ಇರ್ತದಾ? ಅಲ್ಲಿ ತಗಡಿನ ಹಿಂದೆ ಒಂದು ಹಳೇ ಕಂಚಿನ ಒರಳು ಬೇರೆ ನೋಡ್ಕಂಡು ಬಂದಿವ್ನಿ, ನಾಳೆ ಹೋಗಿ ಕೇಳನ ಅಂತಿದ್ದೆ. ಎಲ್ಲಾ ಕೆಡಿಸ್ಬುಟ್ಟೆ."

ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಸೀರೆಯ ಮೇಲೆ ಮಸಿ, ತುಕ್ಕಿನ ಪುಡಿ. ಕಾಲು ಜೋಮು ಹಿಡಿದಿತ್ತು, ಆದರೂ ಇಳಿಸುವ ಮನಸ್ಸಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವರ ದನಿ ಮೆತ್ತಗಾಯಿತು. "ಆದ್ರೂ ಮಾಲು ಚೆನ್ನಾಗೈತೆ. ಶೋಕೇಸಲ್ಲಿ ಮಧ್ಯದ ಅಂತಸ್ತು ಖಾಲಿ ಮಾಡ್ಕೊಡ್ತೀನಿ. ಪದಕಗಳ್ನ ಕೆಳಕ್ಕೆ ಇಳಿಸಿದ್ರಾಯ್ತು."

"ಬೇಡ. ಇದು ಶೋಕೇಸಿಗಲ್ಲ."

"ಮತ್ತೆ?"

"ಅಡುಗೆಮನೆ ಬಾಗಿಲಿಗೆ ನೇತುಹಾಕ್ತೀನಿ. ಊಟಕ್ಕೆ ಕರೆಯೋಕೆ."

ಅವರು ಕಾರಿನ ವೇಗ ತಗ್ಗಿಸಿ ನನ್ನ ಮುಖ ನೋಡಿದರು, ತಮಾಷೆಯೋ ನಿಜವೋ ಎಂದು. "ಹರಾಜು ನಡೀತಿರುವಾಗ ಹೊಡೆದ್ರೆ?"

"ಹೊಡೀತೀನಿ."

"ಎಷ್ಟು ಸಲ?"

"ನೀವು ಏಳೋವರೆಗೂ" ಎಂದೆ.