ನವಣೆಗೆ ಕಾವಲು

ರಾಟವಾಳ ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ. ಕಂದು ಬೆನ್ನು, ಎದೆಯ ಮೇಲೆ ಮೀನಿನ ಹುರುಪೆಯಂಥ ಚುಕ್ಕೆ, ಮೋಟು ಕೊಕ್ಕು. ಮುದ್ದಾಗಿದೆ ಎನ್ನುವವರು ಅದರ ಎದುರು ಒಮ್ಮೆ ನವಣೆ ಬೆಳೆದು ನೋಡಬೇಕು.

ನಾನು ಬೆಳೆದೆ. ಆ ವರ್ಷ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಅದು ಬರುವುದಕ್ಕೆ ಬಹಳ ಮೊದಲೇ ಅದರ ಚಿಂತೆ ಶುರುಮಾಡಿದ್ದವಳು ನಾನು, ಹಾಗಾಗಿ ಆಶ್ಚರ್ಯವೇನೂ ಆಗಲಿಲ್ಲ. ಅನ್ನ ಬಿಟ್ಟು ನವಣೆ ತಿನ್ನಿ ಎಂದರು ಡಾಕ್ಟರು. ಚಿಕ್ಕಬಳ್ಳಾಪುರದಲ್ಲಿ ನಾನು ಕೇಳಿದ ಅಂಗಡಿಯವನು ಅದನ್ನು ಪಂಜರದ ಹಕ್ಕಿಗಳ ಮೇವೆಂದು ಮಾರುತ್ತಿದ್ದ. ಹಕ್ಕಿಯ ಊಟ ನಾನೇಕೆ ಕೊಳ್ಳಲಿ ಎಂದು ತವರಿಗೆ, ಕೆಂಚಾರ್ಲಹಳ್ಳಿಗೆ ಹೋಗಿ, ರೇಷ್ಮೆ ಸೊಪ್ಪಿನ ತೋಟದ ಪಕ್ಕ ಖಾಲಿ ಬಿದ್ದಿದ್ದ ಒಂದು ಪಟ್ಟಿ ನೆಲವನ್ನು ತಮ್ಮನಲ್ಲಿ ಕೇಳಿದೆ. ತಮ್ಮ ಹೂಂ ಎಂದ. ಉತ್ತರ ಕೊಟ್ಟವಳು ಅವನ ಹೆಂಡತಿ.

"ಬೆಳ್ಕೊಳಿ ಅಕ್ಕ. ಒಂದು ಬೆಳೆ ನೋಡಣ. ನಿಮ್ಮನೆಗಾಗೋಷ್ಟು ಬಂದ್ರೆ ಪಟ್ಟಿ ನಿಮ್ಮದೇ. ಇಲ್ದಿದ್ರೆ ನಾನು ಹಿಪ್ಪುನೇರಳೆ ಕಡ್ಡಿ ನೆಡ್ತೀನಿ. ನನ್ನ ಹುಳಕ್ಕೆ ಸೊಪ್ಪು ಸಾಲ್ತಿಲ್ಲ."

ಅಪ್ಪನ ಹೊಲದ ಒಂದು ಚೂರಿನ ಮೇಲೆ ನನ್ನ ಹಕ್ಕು ಹಾಗೆ ತೆನೆಗೆ ನೇತುಬಿತ್ತು.

ತೆನೆ ಹಾಲುಗಟ್ಟಿದಾಗ ರಾಟವಾಳಗಳು ಬಂದವು. ಅಮ್ಮನ ಕಾಲದಲ್ಲಿ ಊರೆಲ್ಲ ನವಣೆ ಬಿತ್ತುತ್ತಿದ್ದರು, ಹಕ್ಕಿ ಎಲ್ಲರಲ್ಲೂ ಒಂದಿಷ್ಟು ತಿಂದು ಹೋಗುತ್ತಿತ್ತು. ಈಗ ಸುತ್ತ ಕಣ್ಣು ಹಾಯುವಷ್ಟೂ ಸೊಪ್ಪಿನ ತೋಟ. ಊರಿನ ಅಷ್ಟೂ ಹಕ್ಕಿಗೆ ನನ್ನದೊಂದೇ ಎಲೆ ಹಾಕಿದಂತಾಗಿತ್ತು.

ನಾನು ಶಾಲೆಯ ಮೇಷ್ಟ್ರಮ್ಮ. ದಸರಾ ರಜೆಗೆ ಹಳೆಯ ಕ್ಯಾಸೆಟ್ಟುಗಳನ್ನು ಹೊತ್ತು ಹೋದೆ. ಸಿ.ಡಿ. ಬಂದು ಅವೆಲ್ಲ ಅಟ್ಟ ಸೇರಿದ್ದವು. ಟೇಪು ಬಿಚ್ಚಿ ಹೊಲದ ಉದ್ದಕ್ಕೂ ಕಟ್ಟಿದೆ. ಗಾಳಿಗೆ ಮಿರಮಿರ ಹೊಳೆದು ಗುಂಯ್‌ಗುಟ್ಟಿತು. ಹಕ್ಕಿಗಳು ಬೇಲಿಗೆ ಹಾರಿದವು. ಮಾರನೆಯ ದಿನ ಆ ಟೇಪಿನ ಮೇಲೇ ಸಾಲಾಗಿ ಕೂತು ತಿಂದವು.

ಆಮೇಲೆ ಗಾಳಿಗೆ ಟೇಪು ಹರಿದು ತೋಟಕ್ಕೆ ಹಾರಿತು. ಸೊಪ್ಪಿನ ಜೊತೆ ಕೊಯ್ಲಾಗಿ ಹುಳದ ಮನೆಯನ್ನೂ ಸೇರಿತು. ತಮ್ಮನ ಹೆಂಡತಿ ಒಂದು ಹಿಡಿ ಕಪ್ಪು ಟೇಪು ತಂದು ನನ್ನ ಮುಂದೆ ಒಗೆದಳು.

"ಹುಳಕ್ಕೆ ಹಾಡು ತಿನ್ನಿಸ್ತಿದ್ದೀರಾ ಅಕ್ಕ?"

"ಗಾಳಿಗೆ ನಾನೇನ್ ಮಾಡ್ಲಮ್ಮ?"

"ಗಾಳೀನೂ ನೀವೇ ತಂದ್ರಿ, ಚಿಕ್ಕಬಳ್ಳಾಪುರದಿಂದ."

ಟೇಪೆಲ್ಲ ಸುತ್ತಿಟ್ಟು ತಟ್ಟೆ ಬಡಿಯಲು ಶುರುಮಾಡಿದೆ. ಅದಕ್ಕೂ ಬಂದಳು.

"ಹುಳ ಜ್ವರಕ್ಕೆ ಕೂತವೆ. ಮೈ ಕಳಚ್ಕೊಳೋ ಹೊತ್ತಲ್ಲಿ ಹಿಂಗೆ ಡಬಡಬಾಂತ ಬಡಿದ್ರೆ ಕೆಡ್ತವೆ. ನಿಲ್ಸಿ."

ತಮ್ಮನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಹಾಗಾಗಿ ರಜೆಯ ಉಳಿದ ದಿನಗಳಲ್ಲಿ ನಾನು ಸದ್ದಿಲ್ಲದೆ ಹಕ್ಕಿ ಓಡಿಸಿದೆ. ಸೆರಗು ಬೀಸುತ್ತ, ಎರಡೂ ಕೈ ಎತ್ತಿ, ತುಟಿ ಕಚ್ಚಿಕೊಂಡು ಬದುವಿನ ಮೇಲೆ ಓಡಾಡಿದೆ. ಹಾವು ಕಚ್ಚೀತು ಎಂದು ಒಂದು ಕಣ್ಣು ಸದಾ ನೆಲದ ಮೇಲೆ. ಈ ತುದಿಯಲ್ಲಿ ಎಬ್ಬಿಸಿದರೆ ಆ ತುದಿಯಲ್ಲಿ ಇಳಿಯುತ್ತಿದ್ದವು. ಒಂದು ರಾಟವಾಳ ತೆನೆಗೆ ತಲೆಕೆಳಗಾಗಿ ಜೋತು, ಕಾಳು ಸುಲಿದು, ಹೊಟ್ಟನ್ನು ನನ್ನ ಕಡೆಗೇ ಉಗಿಯಿತು. ಇಷ್ಟು ಸಣ್ಣ ಜೀವವನ್ನು ಇಷ್ಟು ದ್ವೇಷಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಹುಳದ ಮನೆಯ ಬಾಗಿಲಲ್ಲಿ ನಿಂತವಳನ್ನು ಆಗಾಗ ನೋಡುತ್ತಿದ್ದೆ. ಅವಳು ಹಕ್ಕಿಗಳ ಪಕ್ಷ.

"ಬೆದರುಬೊಂಬೆ ಆದ್ರೆ ಒಂದ್ ಕಡೆ ನಿಂತ್ಕೊಳುತ್ತೆ ಅಕ್ಕ," ಎಂದಳು ಒಮ್ಮೆ.

ಕೊಯ್ಲಾಯಿತು. ಬಡಿದು ಮೊರಕ್ಕೆ ಹಾಕಿ ಅವಳೇ ಕೇರಿದಳು. ಮೊದಲ ಬೀಸಿಗೇ ಮುಕ್ಕಾಲು ಪಾಲು ಹಾರಿಹೋಯಿತು, ಬರೀ ಹೊಟ್ಟು. ಕೊನೆಗೆ ಮೊರದ ಮೂಲೆಯಲ್ಲಿ ಎರಡು ಬೊಗಸೆ ಕಾಳು ಉಳಿಯಿತು. ತಮ್ಮ ಎದ್ದು ಒಳಗೆ ಹೋದ. ನಾನು ಹೊಟ್ಟಿನ ರಾಶಿಯಲ್ಲಿ ಕೈಯಾಡಿಸಿ ನೋಡಿದೆ.

"ಪಾಯಸಕ್ಕಾಗುತ್ತೆ ಬಿಡಿ ಅಕ್ಕ," ಎಂದಳು.

ಮಾಡಿಯೂ ಬಿಟ್ಟಳು, ಧಾರಾಳವಾಗಿ ಬೆಲ್ಲ ಹಾಕಿ. ಲೋಟ ತಂದು ನನ್ನ ಕೈಗಿಟ್ಟು, ಖಾಲಿಯಾಗುವವರೆಗೂ ಎದುರಿಗೆ ನಿಂತಿದ್ದಳು. ಕುಡಿದೆ. ನನ್ನ ಬೆಳೆ, ಹಕ್ಕಿ ಬಿಟ್ಟದ್ದು. ಬಸ್ಸಿಗೆ ಹೊರಟಾಗ ಅವಳು ಆಗಲೇ ಪಟ್ಟಿಯಲ್ಲಿ ಬಗ್ಗಿ ಕಡ್ಡಿ ನೆಡುತ್ತಿದ್ದಳು. ಬರ್ತೀನಮ್ಮ ಎಂದೆ. ತಲೆ ಎತ್ತಲಿಲ್ಲ.