ನೋಟ್‌ಬುಕ್ಕಿನಲ್ಲೊಂದು ವೆಬ್‌ಸೈಟ್

ಗೆಳೆಯರೇ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಆರು ತಿಂಗಳು ಬಸ್ಸಿನಲ್ಲಿ ನಿಂತು ಹೋಗಿ ಕಲಿತ ವೆಬ್ ಡಿಸೈನ್ ಕೋರ್ಸಿಗೆ ಇಂದು ಪರೀಕ್ಷೆ. ಕರೆಂಟೇ ಇರಲಿಲ್ಲ.

"ಕರೆಂಟಿಗೆ ಯಾಕ ಕಾಯಾಕತ್ತೀರಿ? ನೋಟ್‌ಬುಕ್ಕಿನ್ಯಾಗ ಮಾಡ್ರಿ ವೆಬ್‌ಸೈಟ್" ಎಂದರು ಸರ್.

ಕೋಡ್ ಬರೆದು, ಸ್ಕೇಲ್ ಇಟ್ಟು ಪೇಜಿನ ಚಿತ್ರವನ್ನೂ ಬಿಡಿಸಿದೆ. ಸರ್ ಕೆಂಪು ಪೆನ್ನು ಹಿಡಿದು ಬಂದು, ನಾನು ಗೆರೆ ಎಳೆದು ತೋರಿಸಿದ್ದ ಲಿಂಕಿನ ಮೇಲೆ ಬೆರಳಿಟ್ಟು ಒತ್ತಿದರು.

"ಲಿಂಕ್ ಒತ್ತೀನಲ್ಲ, ಮುಂದಿನ ಪೇಜ್ ಯಾಕ ಬರವಲ್ದು?"

ಸಿಟ್ಟು ನೆತ್ತಿಗೇರಿತು. "ತಗೋರಿ ಸರ್, ಬಂತು" ಎಂದು ಹಾಳೆ ತಿರುಗಿಸಿದೆ.

"ಶಭಾಷ್! ಲಿಂಕ್ ನಡಿಯಾಕತ್ತದ" ಎಂದು ನೂರಕ್ಕೆ ನೂರು ಕೊಟ್ಟರು.

ಸೋಮವಾರ ಹೈದರಾಬಾದಿನಲ್ಲಿ ಇಂಟರ್‌ವ್ಯೂ. ಮಾಡಿದ ವೆಬ್‌ಸೈಟ್ ತೋರಿಸಬೇಕಂತೆ. ನೋಟ್‌ಬುಕ್ಕಿಗೆ ಖಾಕಿ ಕವರ್ ಹಾಕಿಟ್ಟಿದ್ದೇನೆ. ದಾರಿಯಲ್ಲಿ ವೆಬ್‌ಸೈಟ್ ಕೊಳೆಯಾಗಬಾರದಲ್ಲ!